ಒಂದು ಸೈಜ್ ದೊಡ್ಡದು

"ಇವನ್ನ ನಾನು ಹಾಕಲ್ಲ ಕಣ್ರೀ. ಬೇರೆ ಎಲ್ಲಾದ್ರೂ ನೋಡ್ಕಳಿ."

ಹಾಗಂದು ಲಿಖಿತಾ ಮತ್ತೆ ತನ್ನ ಪಂಚರ್ ಕೆಲಸಕ್ಕೆ ಬಗ್ಗಿದಳು. ಚಿಕ್ಕನಾಯಕನಹಳ್ಳಿಯಲ್ಲಿ ಹುಳಿಯಾರು ರಸ್ತೆಯ ಆ ಟೈರ್ ಅಂಗಡಿಯಿಂದ ಗಿರಾಕಿಗಳು ಬೈಸಿಕೊಂಡು ಹೋಗುವುದು ಊರಿಗೆ ಹೊಸದಲ್ಲ. ಪಕ್ಕದಲ್ಲಿ ಟೀ ಅಂಗಡಿ ಇಟ್ಟಿರುವ ಕೊಲ್ಲಾಪುರಮ್ಮ ಸೋಸುತ್ತಿದ್ದ ಟೀಯನ್ನು ಅರ್ಧಕ್ಕೇ ನಿಲ್ಲಿಸಿ ಈ ಕಡೆ ಕಿವಿ ಕೊಟ್ಟಳು.

ಬಂದವನು ಮಾತ್ರ ಹೋಗಲಿಲ್ಲ. ಅವನ ಬಿಳಿ ಪಿಕಪ್ಪಿನ ಹಿಂಬದಿಯಲ್ಲಿ ನಾಲ್ಕು ಟೈರುಗಳು ಒಂದರ ಮೇಲೊಂದು ಕೂತಿದ್ದವು. ಅವನ್ನು ಹಾಕಿದರೆ ಆ ಗಾಡಿ ಅಪ್ಪನ ಚಪ್ಪಲಿ ಮೆಟ್ಟಿಕೊಂಡ ಮಗುವಿನ ಹಾಗೆ ಕಾಣುತ್ತದೆ ಎಂದು ಒಂದೇ ನೋಟಕ್ಕೆ ಅವಳಿಗೆ ಗೊತ್ತಾಗಿತ್ತು. ಅವನ ಕೂದಲಿಗೆ ತೆಂಗಿನ ನಾರಿನ ಎಳೆಯೊಂದು ಸಿಕ್ಕಿಕೊಂಡಿರುವುದೂ ಅದೇ ನೋಟಕ್ಕೆ ಕಂಡುಹೋಗಿತ್ತು. ಅದನ್ನು ಗಮನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

"ಯಾಕೆ ಹಾಕಲ್ಲ ಅಂತ ಹೇಳಿದ್ರೆ ಒಳ್ಳೇದಿತ್ತು," ಎಂದ ಅವನು.

"ನಿಮ್ಮ ಗಾಡಿಗೆ ಎರಡು ಸೈಜ್ ದೊಡ್ಡದು ಇವು. ಸ್ಟೇರಿಂಗ್ ಪೂರ್ತಿ ತಿರುಗಿಸಿದ್ರೆ ಮಡ್‌ಗಾರ್ಡ್‌ಗೆ ಉಜ್ಜುತ್ತೆ. ಲೋಡ್ ಬಿದ್ರೆ ಇನ್ನೂ ಉಜ್ಜುತ್ತೆ. ಬ್ರೇಕ್ ಒತ್ತಿದ ಕಡೆ ಗಾಡಿ ನಿಲ್ಲಲ್ಲ. ಮೀಟರ್ ನಲವತ್ತು ತೋರಿಸ್ತಿದ್ರೆ ನೀವು ನಲವತ್ತೈದರಲ್ಲಿ ಹೋಗ್ತಿರ್ತೀರಿ. ಸಾಕಾ?"

"ಸಾಕು. ನೀವು ಒಂಚೂರು ಉಸಿರು ತಗಳಿ."

ಅವಳು ತಲೆ ಎತ್ತಿದಳು. ಅವನ ತುಟಿ ನಗುತ್ತಿರಲಿಲ್ಲ, ನಗುವೆಲ್ಲ ಕಣ್ಣಲ್ಲಿತ್ತು.

"ಶೋಕಿ ಮಾಡೋ ಹಂಗಿದ್ರೆ ಲೈಟ್ ಹಾಕ್ಸಿ, ಸ್ಟಿಕ್ಕರ್ ಅಂಟ್ಸಿ," ಎಂದಳು ಬಿರುಸಾಗಿ. "ಟೈರಲ್ಲಿ ಆಟ ಆಡ್ಬ್ಯಾಡಿ."

ಕಣ್ಣಲ್ಲಿದ್ದ ನಗು ತಟ್ಟನೆ ಆರಿತು. "ಆಯ್ತು, ಬತ್ತೀನಿ," ಎಂದಷ್ಟೇ ಹೇಳಿ ಗಾಡಿ ಹತ್ತಿದ.

ಅಂಗಡಿಯೊಳಗೆ ಕುರ್ಚಿಯಲ್ಲಿ ಕೂತಿದ್ದ ಅವಳ ಅಪ್ಪ ಮರುಳಸಿದ್ದಯ್ಯ ಗಾಡಿ ಹೋದ ದಿಕ್ಕನ್ನೇ ನೋಡುತ್ತಾ ಹೇಳಿದ, "ಶೋಕಿ ಮಾಡೋನ ಥರ ಕಾಣ್ಲಿಲ್ಲ ಕಣವ್ವ. ಬಾಗಿಲ ತನಕ ಕೆಸರು ಹತ್ತಿತ್ತು. ಶೋಕಿ ಮಾಡೋರು ದಿನಾ ಗಾಡಿ ತೊಳ್ದಿರ್ತಾರೆ."

ಲಿಖಿತಾ ಅಪ್ಪನ ಕಡೆ ತಿರುಗಿದಳು. ಅಪ್ಪನ ಬಲಗೈ ತೊಡೆಯ ಮೇಲೆ ಮಲಗಿತ್ತು. ಅದರಲ್ಲಿ ಎರಡು ಬೆರಳುಗಳಿರಲಿಲ್ಲ. ನಾಲ್ಕು ವರ್ಷದ ಕೆಳಗೆ ಗಿರಾಕಿಯೊಬ್ಬ ಹಟ ಹಿಡಿದು, ರಿಮ್ಮಿಗೆ ಹೊಂದದ ದೊಡ್ಡ ಟೈರನ್ನು ಹಾಕಿಸಿದ್ದ. ಗಾಳಿ ತುಂಬುವಾಗ ಅದು ಸಿಡಿದಿತ್ತು. ತಿಪಟೂರಿನಲ್ಲಿ ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುತ್ತಿದ್ದ ಲಿಖಿತಾ, ಅಪ್ಪನಿಗೆ ವಾಸಿಯಾಗುವವರೆಗೆ ಒಂದು ತಿಂಗಳು ಅಂಗಡಿ ನೋಡಿಕೊಳ್ಳೋಣವೆಂದು ಬಂದವಳು ಅಲ್ಲೇ ಉಳಿದುಬಿಟ್ಟಿದ್ದಳು. ಈಗ ಆ ಕೆಲಸ ಅವಳಿಗೆ ಇಷ್ಟವಾಗಿತ್ತು. ಆದರೆ ದೊಡ್ಡ ಟೈರು ಹಾಕಿಕೊಡಿ ಎಂದು ಯಾರಾದರೂ ಕೇಳಿದರೆ ಇಂದಿಗೂ ಅವಳ ಕಣ್ಣು ಅಪ್ಪನ ಕೈಯ ಕಡೆಗೇ ಹೋಗುತ್ತಿತ್ತು.

ಮೂರನೇ ದಿನಕ್ಕೆ ಅದೇ ಪಿಕಪ್ ವಾಪಸ್ ಬಂತು.

ಬರುವ ಸದ್ದಿಗೇ ವಿಷಯ ತಿಳಿಯುತ್ತಿತ್ತು. ಬೇರೆ ಯಾವುದೋ ಊರಲ್ಲಿ ಆ ಟೈರುಗಳನ್ನು ಹಾಕಿಸಿದ್ದ. ಮುಂದಿನ ಎಡಗಡೆ ಟೈರಿನ ಅಂಚು ಹರಿದು ರಬ್ಬರಿನ ಎಳೆಗಳು ಜೋತಾಡುತ್ತಿದ್ದವು. ಮಡ್‌ಗಾರ್ಡಿನ ಒಳಭಾಗ ಕಿತ್ತುಬಂದಿತ್ತು.

ಅವನು ಇಳಿದು ಅವಳ ಮುಂದೆ ಕೈಕಟ್ಟಿ ನಿಂತ. "ನೀವು ಹೇಳ್ದಂಗೇ ಆಯ್ತು. ಬೈಯೋದಿದ್ರೆ ಬೈದುಬುಡಿ, ನಿಂತ್ಕಂಡು ಕೇಳ್ತೀನಿ."

ಬೈಯಬೇಕೆಂದೇ ಅವಳು ಬಾಯಿ ತೆರೆದಿದ್ದಳು. ಬಂದದ್ದು ಬೇರೆ ಮಾತು. "ಯಾಕೆ ಬೇಕಿತ್ತು ನಿಮಗೆ ಇದು?"

ಅವನ ಹೆಸರು ದಯಾನಂದ್. ಬೆಳಗಿನ ಹೊತ್ತು ಹಳ್ಳಿಗಳಿಂದ ಡೈರಿಗೆ ಹಾಲು ಸಾಗಿಸುತ್ತಿದ್ದ, ಆಮೇಲೆ ಯಾರದಾದರೂ ತೋಟದ ತೆಂಗಿನಕಾಯಿ. ಕಂದಿಕೆರೆಯಿಂದ ಆಚೆಗೆ ಕೆಂಗಲ್ಲಹಟ್ಟಿ ಎಂಬ ಹದಿನೆಂಟು ಮನೆಯ ಊರಿದೆ, ಮನೆಮನೆಗೂ ಹಸುಗಳಿವೆ, ಊರಿಗೆ ಮೊದಲೇ ಒಂದು ಹಳ್ಳ ಅಡ್ಡ ಬರುತ್ತದೆ ಎಂದು ಹೇಳಿದ. ಹಳ್ಳದ ಕಲ್ಲುಗಳು ಗಾಡಿಯ ಹೊಟ್ಟೆಗೆ ತಾಗುವುದರಿಂದ ಅವನು ಈಚೆ ದಡದಲ್ಲೇ ನಿಲ್ಲುತ್ತಿದ್ದ. ಹೆಂಗಸರು ಹಾಲಿನ ಕ್ಯಾನ್ ತಲೆಯ ಮೇಲೆ ಹೊತ್ತು ನೀರು ದಾಟಿ ಬರುತ್ತಿದ್ದರು.

"ಹೋದ ಮಂಗಳವಾರ ಶಿವರುದ್ರಮ್ಮ ಅಂತ ಅಜ್ಜಿ ಜಾರಿಬಿದ್ರು. ಕೈ ಮುರೀತು. ಹಾಲೆಲ್ಲ ಹಳ್ಳದಲ್ಲಿ ಬೆಳ್ಳಗೆ ಹೋಯ್ತು." ಅವನು ಹರಿದ ಟೈರಿನ ಕಡೆ ನೋಡಿದ. "ನಾನು ಈಚೆ ಕಡೆ ಗಾಡಿ ಪಕ್ಕ ನಿಂತಿದ್ದೆ. ನಿಂತ್ಕಂಡು ನೋಡ್ದೆ ಅಷ್ಟೇ."

"ಇದನ್ನ ಮೊದಲ ದಿನಾನೇ ಹೇಳ್ಬೋದಿತ್ತಲ್ಲ?"

"ನೀವು ಉಸಿರೇ ತಗಳ್ಲಿಲ್ವಲ್ಲ."

ಒಳಗಿನಿಂದ ಅಪ್ಪ ನಕ್ಕ ಸದ್ದು ಕೇಳಿತು. ಲಿಖಿತಾಳಿಗೂ ನಗು ತಡೆಯಲಾಗಲಿಲ್ಲ. ಅವಳು ನಕ್ಕಾಗ ಅವನು ನೋಡಿದ ರೀತಿಗೆ, ಕೈಯಲ್ಲಿದ್ದ ಸ್ಪ್ಯಾನರ್ ಎಲ್ಲಿಡಬೇಕೆಂದು ಅವಳಿಗೆ ಒಂದು ಕ್ಷಣ ತೋಚಲಿಲ್ಲ.

"ನಾಳೆ ಬೆಳಿಗ್ಗೆ ಆ ಹಳ್ಳ ತೋರಿಸಿ," ಎಂದಳು. "ದಾರಿ ನೋಡ್ದೆ ಟೈರ್ ಹೇಳೋಕಾಗಲ್ಲ."

ಆ ಸಂಜೆ ಗಾಡಿಗೆ ಹಳೆಯ ಟೈರುಗಳನ್ನೇ ಮತ್ತೆ ಹಾಕಿಕೊಟ್ಟು, ಮರುದಿನ ಅವಳು ಟೇಪ್ ಹಿಡಿದು ಹಳ್ಳಕ್ಕಿಳಿದಳು. ಚೂಡಿದಾರದ ಪ್ಯಾಂಟನ್ನು ಮೊಣಕಾಲಿಗೆ ಮಡಚಿಕೊಂಡಿದ್ದಳು. ನೀರು ಕೆಂಪಗೆ, ತಣ್ಣಗೆ ಹರಿಯುತ್ತಿತ್ತು. ಎರಡೂ ದಡದ ತೆಂಗಿನ ತೋಟಗಳ ಗರಿಗಳ ಸಂದಿಯಿಂದ ಬಿಸಿಲು ಚೂರುಚೂರಾಗಿ ನೀರಿಗೆ ಬೀಳುತ್ತಿತ್ತು. ಟೇಪಿನ ಇನ್ನೊಂದು ತುದಿ ದಯಾನಂದನ ಕೈಯಲ್ಲಿತ್ತು.

"ಬಿಗಿಯಾಗಿ ಹಿಡ್ಕಳಿ."

"ಬಿಟ್ರೆ ತಾನೇ?"

ಅವಳು ಅಳತೆ ಓದುವ ನೆಪದಲ್ಲಿ ಬಗ್ಗಿದಳು. ಕಿವಿ ಬಿಸಿಯಾಗಿತ್ತು.

ಒಂದೊಂದು ಕಲ್ಲನ್ನೂ ಅಳೆದು, ಗಾಡಿಯ ಕೆಳಗೆ ತೂರಿ ನೋಡಿ, ಹೊರಬಂದು ಅವಳು ಹೇಳಿದಳು, "ನಿಮಗೆ ತಾಗ್ತಿರೋದು ಹಿಂದಿನ ಆಕ್ಸಲ್. ಸ್ಪ್ರಿಂಗ್ ಎಷ್ಟು ಎತ್ತರಿಸಿದ್ರೂ ಅದು ಮೇಲೇಳಲ್ಲ, ಟೈರೇ ಎತ್ತಬೇಕು. ಒಂದು ಸೈಜ್ ದೊಡ್ಡದು ಹಾಕೋಣ, ಅದಕ್ಕೆ ಸರಿಯಾದ ರಿಮ್ಮೂ ಹಾಕೋಣ. ಒಂದು ಬೆರಳಷ್ಟು ಏಳುತ್ತೆ."

"ಒಂದೇ ಬೆರಳಾ? ಕಲ್ಲು ನಾಲ್ಕು ಬೆರಳು ತಾಗ್ತೈತಲ್ರೀ."

"ಉಳಿದ ಮೂರು ಬೆರಳು ಹಳ್ಳ ಬಿಟ್ಕೊಡ್ಲಿ. ಗಾಡೀನೇ ಎಲ್ಲಾ ಮಾಡ್ಬೇಕಾ? ಅಗೋ, ಅಲ್ಲಿ ಎದ್ದಿರೋ ಮೂರು ಕಲ್ಲು ಹಾರೆ ಹಾಕಿ ಎಬ್ಬಿಸಿ, ಚಕ್ರ ಹೋಗೋ ದಾರಿಗೆ ಜಲ್ಲಿ ತುಂಬಿ."

ಅಷ್ಟು ಹೊತ್ತಿಗೆ ಕ್ಯಾನ್ ಹೊತ್ತು ಬಂದಿದ್ದ ಹೆಂಗಸರು ಅಲ್ಲೇ ನಿಂತು ಕೇಳುತ್ತಿದ್ದರು. "ಹಾರೆ ನಮ್ಮನೇಲೈತೆ," ಎಂದಳು ಗುರುಸಿದ್ದಮ್ಮ ಎಂಬಾಕೆ. "ಇಷ್ಟು ಸುಲಭ ಅಂದಿದ್ರೆ ನಾವೇ ಯಾವತ್ತೋ ಮಾಡ್ತಿದ್ವಲ್ಲವ್ವ!"

ಎರಡು ದಿನದಲ್ಲಿ ಊರವರು ಕಲ್ಲೆಬ್ಬಿಸಿದರು. ಮೂರನೇ ದಿನ ಅಂಗಡಿಯಲ್ಲಿ ಟೈರಿನ ಕೆಲಸ.

ಲಿಖಿತಾ ಗಾಳಿ ತುಂಬುವಾಗ ಅಪ್ಪ ಕುರ್ಚಿಯಿಂದೆದ್ದು ಬಾಗಿಲಿಗೆ ಬಂದು ನಿಂತ. ಅವಳು ಮತ್ತೆ ಮತ್ತೆ ಗಾಳಿ ನಿಲ್ಲಿಸಿ ಟೈರಿನ ಅಂಚು ಮುಟ್ಟಿ ನೋಡುತ್ತಿದ್ದುದು ದಯಾನಂದನಿಗೆ ಕಂಡಿತು. ಅವನು ಬಂದು ಅವಳ ಪಕ್ಕದಲ್ಲಿ ನಿಂತ. ಅವಳು "ದೂರ ಹೋಗಿ" ಎಂದು ಗದರಿದಾಗ ಎರಡು ಹೆಜ್ಜೆ ಹಿಂದೆ ಹೋದ, ಮೂರನೆಯದು ಇಡಲಿಲ್ಲ. ಟೈರು ರಿಮ್ಮಿಗೆ ಸರಿಯಾಗಿ ಕೂತು ಟಪ್ ಎಂದಿತು. ಅವಳು ಹಿಡಿದಿದ್ದ ಉಸಿರು ಬಿಟ್ಟಳು.

ನಾಲ್ಕೂ ಚಕ್ರ ಹಾಕಿದ ಮೇಲೆ ಅವನನ್ನು ಸೀಟಿನಲ್ಲಿ ಕೂರಿಸಿ ತಾನು ಮುಂದಿನ ಚಕ್ರದ ಬಳಿ ಕೂತಳು.

"ಎಡಕ್ಕೆ ತಿರುಗಿಸಿ. ಇನ್ನೂ. ಪೂರ್ತಿ."

ಟೈರಿಗೂ ಮಡ್‌ಗಾರ್ಡಿಗೂ ನಡುವೆ ಕೈ ತೂರಿಸಿ ನೋಡಿದಳು. ಎಲ್ಲೂ ತಾಗುತ್ತಿರಲಿಲ್ಲ.

"ಈಗ ಬಲಕ್ಕೆ... ರೀ, ಬಲಕ್ಕೆ ಅಂದೆ."

ಸ್ಟೇರಿಂಗ್ ಅಲುಗಲಿಲ್ಲ. ತಲೆ ಎತ್ತಿದರೆ ಸೈಡ್ ಕನ್ನಡಿಯಲ್ಲಿ ಅವನ ಕಣ್ಣು ಇವಳ ಮೇಲೇ ಇತ್ತು.

"ಕನ್ನಡಿ ಏನ್ ನೋಡ್ತೀರಿ? ಸ್ಟೇರಿಂಗ್ ನೋಡಿ."

"ಟೈರ್ ನೋಡ್ತಿದ್ದೆ ಕಣ್ರೀ."

"ಟೈರ್ ಕಿವೀಲಿ ಓಲೆ ಇರಲ್ಲ."

ಅವನು ಸಿಕ್ಕಿಬಿದ್ದ ಕಳ್ಳನ ಹಾಗೆ ನಕ್ಕು, ಒಂದೇ ಸಮನೆ ಬಲಕ್ಕೆ ತಿರುಗಿಸಿದ. ಕೊಲ್ಲಾಪುರಮ್ಮನ ಟೀ ಉಕ್ಕಿ ಒಲೆಗೆ ಚೆಲ್ಲಿತು.

ಹೊರಡುವಾಗ ಲಿಖಿತಾ ಗಟ್ಟಿಯಾಗಿ ಹೇಳಿ ಕಳಿಸಿದಳು. "ರಿಮ್ ಹೊಸದು. ಐನೂರು ಕಿಲೋಮೀಟರ್ ಓಡಿದ ಮೇಲೆ ನಟ್ಟು ಸಡಿಲ ಆಗ್ಬೋದು. ಬಂದು ಮತ್ತೆ ಟೈಟ್ ಮಾಡಿಸ್ಕಬೇಕು. ಮರೀಬ್ಯಾಡಿ."

ಮರುದಿನ ಬೆಳಿಗ್ಗೆ ಪಿಕಪ್ ಹಳ್ಳ ದಾಟುವುದನ್ನು ನೋಡಲು ಅವಳೂ ಹೋದಳು. ಕಲ್ಲು ತಾಗದೆ, ಜಾರದೆ, ನೀರನ್ನು ಎರಡು ಕಡೆಗೂ ಸರಿಸುತ್ತಾ ಅದು ಆಚೆ ದಡ ಹತ್ತಿತು. ಕೈಗೆ ಪಟ್ಟಿ ಕಟ್ಟಿಸಿಕೊಂಡಿದ್ದ ಶಿವರುದ್ರಮ್ಮ ಗಾಡಿಗೆ ಅರಿಸಿನ ಹಚ್ಚಿ, ಕಾಯಿ ಒಡೆಸಿ, ಒಡೆದ ಹೋಳನ್ನು ಲಿಖಿತಾಳ ಕೈಗೇ ಕೊಟ್ಟಳು.

ಅದಾದ ಮೇಲೆ ದಯಾನಂದ್ ಒಂದೇ ವಾರದಲ್ಲಿ ಮೂರು ಸಲ ಅಂಗಡಿಗೆ ಬಂದ. "ಗಾಳಿ ಕಮ್ಮಿ ಆದಂಗೈತೆ, ನೋಡಿ," ಎನ್ನುತ್ತಿದ್ದ. ನೋಡಿದರೆ ಕಮ್ಮಿಯೇ ಇರುತ್ತಿತ್ತು. ಬರುವಾಗ ಒಮ್ಮೆ ಎಳನೀರು, ಒಮ್ಮೆ ಶೆಟ್ಟಿಕೆರೆಯ ಯಾರದೋ ತೋಟದ ಸೀಬೆಹಣ್ಣು. ಕೊಡುವುದು ಮರುಳಸಿದ್ದಯ್ಯನಿಗೆ, ನೋಡುವುದು ಲಿಖಿತಾಳನ್ನು. ಅಪ್ಪ ಹಣ್ಣನ್ನು ಮಗಳಿಗೆ ದಾಟಿಸಿ, "ವಿಳಾಸ ತಪ್ಪಿ ನನಗೆ ಬಂದೈತೆ," ಎನ್ನುತ್ತಿದ್ದ. ಪಿಕಪ್ಪಿನ ಹಾರ್ನ್ ದೂರದಲ್ಲಿ ಕೇಳಿದರೆ ಸಾಕು, ಲಿಖಿತಾಳ ಕೈ ತಾನಾಗಿ ಮುಖದ ಮಸಿ ಒರೆಸಿಕೊಳ್ಳಲು ಹೋಗುತ್ತಿತ್ತು, ಇನ್ನಷ್ಟು ಮಸಿ ಬಳಿದು ಬರುತ್ತಿತ್ತು.

ಆ ವಾರದ ಭಾನುವಾರ ತುರುವೇಕೆರೆಯಿಂದ ಹುಡುಗಿ ನೋಡಲು ಬಂದರು. ಚಿಕ್ಕಪ್ಪ ಗೊತ್ತು ಮಾಡಿದ್ದ ಸಂಬಂಧ. ಹುಡುಗ ಮೋಹನ್ ಕುಮಾರ್, ಕೊಬ್ಬರಿ ವ್ಯಾಪಾರದ ಮನೆಯವನು, ಮಾತು ಮೆದು. ಅಂಗಡಿಯ ಹಿಂದೆಯೇ ಇದ್ದ ಮನೆಯಲ್ಲಿ ಲಿಖಿತಾ ಸೀರೆಯುಟ್ಟು ಕಾಫಿ ಕೊಟ್ಟಳು. ಲೋಟ ತೆಗೆದುಕೊಳ್ಳುವಾಗ ಅವನ ಕಣ್ಣು ಅವಳ ಉಗುರಿನ ಕಪ್ಪಿನ ಮೇಲೆ ನಿಂತಿತು.

"ಮದುವೆ ಆದ್ಮೇಲೆ ಅಂಗಡಿ ಬಾಡಿಗೆಗೆ ಕೊಟ್ಬಿಡಿ," ಎಂದ ಅವನು, ಒಳ್ಳೆಯದನ್ನೇ ಹೇಳುವ ದನಿಯಲ್ಲಿ. "ನಮ್ಮನೇಲಿ ನಿಮಗೆ ಈ ಕಷ್ಟ ಇರಲ್ಲ."

ಕಷ್ಟ ಎಂದು ಅವಳು ಯಾರ ಹತ್ತಿರ ಹೇಳಿದ್ದಳು? ಅವರು ಹೋದ ಮೇಲೆ ಅಪ್ಪನ ಹತ್ತಿರ ಬಂದು, "ಬ್ಯಾಡ ಕಣಪ್ಪ," ಎಂದಳು.

ಮರುಳಸಿದ್ದಯ್ಯ ತನ್ನ ಅರ್ಧ ಕೈಯಿಂದ ಮಗಳ ಬೆರಳು ಹಿಡಿದುಕೊಂಡ. "ನನ್ನ ಕೈ ಹಿಂಗಾಗಿದ್ದಕ್ಕೆ ನಿನ್ನ ಕೈ ಕಪ್ಪಾಯ್ತು."

"ಸೋಪ್ ಹಾಕಿದ್ರೆ ಹೋಗುತ್ತೆ ಬುಡಪ್ಪ. ನನಗೆ ಈ ಕೆಲಸ ಇಷ್ಟ. ಇಷ್ಟ ಇರೋದನ್ನ ಬಿಡು ಅನ್ನೋರ ಮನೇಗೆ ಹೋಗಲ್ಲ."

ಅಪ್ಪ ಅವಳ ಮುಖ ನೋಡಿದ. ಅವಳು ಹೇಳದೆ ಬಿಟ್ಟ ಇನ್ನೊಂದು ಕಾರಣವೂ ಅವನಿಗೆ ಗೊತ್ತಾಗಿರಬೇಕು.

ಆ ಭಾನುವಾರದಿಂದ ದಯಾನಂದ್ ಬರುವುದು ನಿಂತುಹೋಯಿತು.

ಮೂರು ದಿನ ಕಳೆಯಿತು, ಐದು ದಿನ ಕಳೆಯಿತು. ಐನೂರು ಕಿಲೋಮೀಟರ್ ದಾಟಿರುತ್ತದೆ ಎಂದು ಲಿಖಿತಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಫೋನ್ ಮಾಡಿದಳು.

"ನಟ್ಟು ಟೈಟ್ ಮಾಡಿಸ್ಬೇಕಿತ್ತಲ್ಲ?"

"ಹೂಂ. ಬತ್ತೀನಿ ಮೇಡಮ್."

ಮೇಡಮ್. ಅಷ್ಟು ದಿನ ಬಾಯಲ್ಲಿಲ್ಲದ ಆ ಮಾತು ಎಲ್ಲಿಂದ ಬಂತು? ಅವಳು ಫೋನ್ ಇಟ್ಟು, ಸರಿಯಾಗೇ ಇದ್ದ ಟೈರೊಂದನ್ನು ಬಿಚ್ಚಿ ಮತ್ತೆ ಹಾಕಿದಳು. ರಸ್ತೆಯಲ್ಲಿ ಹೋಗುವ ಪ್ರತಿ ಬಿಳಿ ಪಿಕಪ್ಪೂ ಅವನದಾಗಿರುತ್ತಿತ್ತು, ಹತ್ತಿರ ಬಂದಾಗ ಆಗಿರುತ್ತಿರಲಿಲ್ಲ. ಎರಡು ದಿನ ಒಂದೇ ಸಮನೆ ಮಳೆ ಹೊಯ್ದು ಬೋರನಕಣಿವೆ ಜಲಾಶಯಕ್ಕೆ ನೀರು ಬರುತ್ತಿದೆಯೆಂದು ಊರೆಲ್ಲ ಖುಷಿಯಾಗಿದ್ದರೆ, ಅವಳಿಗೆ ಮಾತ್ರ ಕೆಂಗಲ್ಲಹಟ್ಟಿಯ ಹಳ್ಳವೂ, ಅದರೊಳಗೆ ಇಳಿಯುವ ಆ ಚಕ್ರಗಳೂ ಕಣ್ಣ ಮುಂದೆ ಬರುತ್ತಿದ್ದವು.

ಮಾರನೇ ಬೆಳಿಗ್ಗೆ ತುಂತುರು ಮಳೆಯಲ್ಲೇ ವೀಲ್ ಸ್ಪ್ಯಾನರ್ ಅನ್ನು ಸ್ಕೂಟಿಯ ಕಾಲಡಿ ಇಟ್ಟುಕೊಂಡು ಹೊರಟೇಬಿಟ್ಟಳು.

ಅವಳು ಹಳ್ಳದ ಈಚೆ ದಡ ತಲುಪಿದಾಗ ಪಿಕಪ್ ಆಚೆ ಕಡೆ ಹಾಲಿನ ಕ್ಯಾನ್ ತುಂಬಿಕೊಂಡು ಇಳಿಯಲು ಸಿದ್ಧವಾಗಿತ್ತು. "ನಿಲ್ಸಿ!" ಎಂದು ಕೂಗಿ, ಮೊಣಕಾಲುದ್ದದ ನೀರಿಗೆ ಹಾಗೇ ಇಳಿದಳು. ದಯಾನಂದ್ ಗಾಬರಿಯಾಗಿ ಇಳಿದು ಓಡಿಬಂದು ಕೈ ಚಾಚಿದ. ಅವಳು ಆ ಕೈ ಹಿಡಿಯದೆ ದಡ ಹತ್ತಿದಳು.

"ಎಂಜಿನ್ ಆಫ್ ಮಾಡಿ."

ಒಂದೊಂದೇ ಚಕ್ರಕ್ಕೆ ಸ್ಪ್ಯಾನರ್ ಹಾಕುತ್ತಾ ಹೋದಳು. ಮೂರು ಚಕ್ರ ಪರವಾಗಿರಲಿಲ್ಲ. ಹಿಂದಿನ ಎಡಗಡೆಯ ಚಕ್ರದಲ್ಲಿ ಎರಡು ನಟ್ಟುಗಳು ಬರಿಗೈಯಲ್ಲೇ ತಿರುಗಿದವು.

ಅವಳು ಅವನ್ನು ಬಿಗಿ ಮಾಡಿದಳು. ಎಲ್ಲವನ್ನೂ ಇನ್ನೊಮ್ಮೆ ನೋಡಿದಳು. ಆಮೇಲೆ ದಡದ ಕಲ್ಲಿನ ಮೇಲೆ ಕುಸಿದು ಕೂತಳು.

"ನೀರಿನ ಮಧ್ಯೆ ಕಳಚಿದ್ರೆ ಏನ್ ಮಾಡ್ತಿದ್ರಿ?" ಎಂದಳು. "ನಮ್ಮಪ್ಪನ ಕೈ ನೋಡಿದೀರಲ್ವಾ? ನಾನು ಹಾಕಿದ ಟೈರ್ ಅದು. ನಿಮಗೆ ಏನಾದ್ರೂ ಆಗಿದ್ರೆ ನಾನು..."

ಅವಳು ತೋಳಿನಿಂದ ಕಣ್ಣೊರೆಸಿಕೊಂಡಳು. ಕ್ಯಾನ್ ಏರಿಸಿ ನಿಂತಿದ್ದ ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ದಯಾನಂದ್ ಅವಳೆದುರು ಕುಕ್ಕರಗಾಲಲ್ಲಿ ಕೂತ.

"ತಪ್ಪಾಯ್ತು. ನಿಜವಾಗ್ಲೂ ತಪ್ಪಾಯ್ತು. ಆ ಭಾನುವಾರ ಬಂದಿದ್ದೆ ನಾನು. ಮನೆ ಮುಂದೆ ಕಾರ್ ಇತ್ತು. ಕೊಲ್ಲಾಪುರಮ್ಮ ಹೇಳಿದ್ರು, ತುರುವೇಕೆರೆ ಗಂಡು, ಗೊತ್ತಾದಂಗೇ ಅಂತ. ಆಮೇಲೆ ಬರೋಕೆ ಕಾಲೇ ಏಳ್ಲಿಲ್ಲ."

"ಅವತ್ತು ಸಂಜೇನೇ ಬ್ಯಾಡ ಅಂದೆ. ಕೊಲ್ಲಾಪುರಮ್ಮನ್ನ ಕೇಳಿದ್ರಿ, ನನ್ನ ಕೇಳಿದ್ರಾ?"

ಅವನ ಮುಖದಲ್ಲಿ ಏನೋ ನಿಧಾನವಾಗಿ ಬೆಳಗುತ್ತಾ ಬಂತು. "ಏನಂತ ಕೇಳ್ಲಿ? ಗಾಳಿ ನೋಡಿ ಅನ್ನೋದು ಬಿಟ್ರೆ ನಿಮ್ಮ ಮುಂದೆ ನನಗೆ ಬೇರೆ ಮಾತೇ ಬತ್ತಿರ್ಲಿಲ್ಲ. ಆ ಗಾಳೀನೂ..." ತಲೆ ತಗ್ಗಿಸಿದ. "ಮನೆಯಿಂದ ಹೊರಡೋವಾಗ ನಾನೇ ಬಿಟ್ಕಂಡು ಬತ್ತಿದ್ದೆ."

"ಗೊತ್ತಿತ್ತು."

"ಹೆಂಗೆ?"

"ನಾಲ್ಕೂ ಟೈರಲ್ಲಿ ಒಂದೇ ಸಮ ಗಾಳಿ ಕಮ್ಮಿ ಆಗಲ್ಲ ಕಣ್ರೀ." ಕಣ್ಣೀರಿನ ನಡುವೆಯೇ ಅವಳಿಗೆ ನಗು ಬಂತು.

ಅವನು ಅವಳ ಕೈಯಿಂದ ಸ್ಪ್ಯಾನರ್ ತೆಗೆದು ಪಕ್ಕಕ್ಕಿಟ್ಟ. ಗ್ರೀಸು, ಕೆಸರು ಮೆತ್ತಿದ ಆ ಕೈಯನ್ನು ತನ್ನ ಎರಡೂ ಕೈಗಳ ನಡುವೆ ಇಟ್ಟುಕೊಂಡ.

"ಹಂಗಾದ್ರೆ ಈಗ ಕೇಳ್ತೀನಿ. ನಮ್ಮೂರಿಂದ ನಿಮ್ಮ ಅಂಗಡಿಗೆ ಎಂಟೇ ಕಿಲೋಮೀಟರ್. ಅಂಗಡಿ ನಿಮ್ಮದು, ನಿಮ್ಮದಾಗೇ ಇರ್ಲಿ. ನಿಮ್ಮಪ್ಪನ್ನ ಬಿಟ್ಟು ಬನ್ನಿ ಅಂತ ಯಾವತ್ತೂ ಅನ್ನಲ್ಲ. ನನ್ನ ಮದುವೆ ಆಗ್ತೀರಾ?"

ಹಳ್ಳ ಜುಳುಜುಳು ಹರಿಯುತ್ತಿತ್ತು. ಲಿಖಿತಾ ಹಿಡಿದ ಕೈಗಳನ್ನು ನೋಡಿದಳು. ಅವನ ಬೆರಳಿಗೂ ಮಸಿ ಹತ್ತಿತ್ತು, ಅವನು ಒರೆಸಿಕೊಳ್ಳಲಿಲ್ಲ.

"ಹಾಲು ಒಡೆಯೋದ್ರೊಳಗೆ ಮಾತು ಮುಗಿಸ್ರಪ್ಪ," ಎಂದಳು ಶಿವರುದ್ರಮ್ಮ ಹಿಂದಿನಿಂದ. ಹೆಂಗಸರೆಲ್ಲ ಗೊಳ್ಳೆಂದು ನಕ್ಕರು.

ಲಿಖಿತಾ ನಾಚಿ ಎದ್ದುಬಿಟ್ಟಳು. "ಮೊದ್ಲು ಹಾಲು ತಲುಪಲಿ. ನಡೀರಿ, ನಾನೂ ಬತ್ತೀನಿ. ಚಕ್ರದ ಸದ್ದು ಕೇಳ್ಬೇಕು." ಸ್ಕೂಟಿ ನೋಡಿಕೊಳ್ಳಿ ಎಂದು ಗುರುಸಿದ್ದಮ್ಮನಿಗೆ ಹೇಳಿ ಮುಂದಿನ ಸೀಟಿಗೆ ಹತ್ತಿದಳು.

ಗಾಡಿ ಹಳ್ಳ ದಾಟಿ ತೋಟಗಳ ನಡುವಿನ ದಾರಿ ಹಿಡಿಯಿತು. ಚಕ್ರದ ಸದ್ದು ಸರಿಯಾಗಿತ್ತು. ದಯಾನಂದ್ ರಸ್ತೆಯಿಂದ ಕಣ್ಣು ಕೀಳದೆ ಓಡಿಸುತ್ತಿದ್ದ, ಉತ್ತರಕ್ಕೆ ಕಾಯುತ್ತಿರುವುದು ಅವನ ಕತ್ತಿನ ನರದಲ್ಲಿ ಕಾಣುತ್ತಿತ್ತು. ಅವನ ಫೋನ್ ಹೊಡೆದುಕೊಂಡಿತು. ಡೈರಿಯ ರವಿಕಿರಣ್. ಒಮ್ಮೆ ನಿಂತು ಮತ್ತೆ ಹೊಡೆದುಕೊಂಡಿತು.

ಲಿಖಿತಾ ಎತ್ತಿಕೊಂಡಳು. "ಹಲೋ. ಹಾಲು ಬತ್ತಾ ಐತೆ ಸರ್, ಹತ್ತೇ ನಿಮಿಷ."

"ದಯಾನಂದ್ ಎಲ್ಲಮ್ಮ? ನೀವ್ಯಾರು?"

ಅವಳು ಪಕ್ಕಕ್ಕೆ ತಿರುಗಿ ಅವನನ್ನು ನೋಡಿದಳು. ಅವನ ಕಿವಿ ಕೆಂಪಾಗಿತ್ತು, ಕೂದಲಲ್ಲಿ ಮಳೆಹನಿ ನಿಂತಿತ್ತು.

"ನಾನು ಲಿಖಿತಾ ಅಂತ. ಅವರನ್ನ ಮದುವೆ ಆಗೋಳು."

ಪಿಕಪ್ ದಾರಿಯ ನಡುವೆಯೇ ಜಗ್ಗಿ ನಿಂತಿತು. ಹಿಂದೆ ಕ್ಯಾನುಗಳು ಒಂದಕ್ಕೊಂದು ಬಡಿದವು. ಫೋನಿನಲ್ಲಿ ರವಿಕಿರಣ್ ಹಲೋ ಹಲೋ ಎನ್ನುತ್ತಿದ್ದ. ಅವಳು ಕಟ್ ಮಾಡಿದಳು.

"ಗಾಡಿ ಯಾಕೆ ನಿಲ್ಸಿದ್ರಿ? ಹಾಲು..."

"ಒಂದು ನಿಮಿಷ ಲಿಖಿತಾ," ಎಂದ ದಯಾನಂದ್. ಅವಳ ಹೆಸರನ್ನು ಅವನು ಬಾಯಿಬಿಟ್ಟು ಕರೆದದ್ದು ಅದೇ ಮೊದಲು. "ಒಂದೇ ಒಂದು ನಿಮಿಷ."

ಆ ದಿನ ಕೆಂಗಲ್ಲಹಟ್ಟಿಯ ಹಾಲು ಡೈರಿಗೆ ಇಪ್ಪತ್ತು ನಿಮಿಷ ತಡವಾಗಿ ತಲುಪಿತು. ಒಂದು ಹನಿಯೂ ಕೆಟ್ಟಿರಲಿಲ್ಲ.